ಆರದ ದೀಪ, ಆರಿಸಿದ ದೀಪ

ಅಂಗಡಿಯ ಬಾಗಿಲು ತೆರೆದೊಡನೆ ತಕ್ಕಡಿಯ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡಿಕೊಳ್ಳುವುದು ಹಳೆಯ ವ್ಯಾಪಾರಿಗಳ ರೂಢಿ. ಗಿರಾಕಿ ಬರುವ ಮೊದಲೇ ನಡೆದು ಮುಗಿಯುವ ಈ ಪರೀಕ್ಷೆಗೆ ಸಾಕ್ಷಿಗಳಿಲ್ಲ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಮೆಚ್ಚುವುದಿಲ್ಲ. ಆದರೆ ದಿನದ ವ್ಯವಹಾರವೆಲ್ಲ ಆ ಒಂದು ಕ್ಷಣದ ಮೇಲೆ ನಿಂತಿರುತ್ತದೆ. ಇಂತಹುದೇ ಒಂದು ಪರೀಕ್ಷೆ ಇಂದಿನ ಮೋಟಾರು ಕಾರಿನಲ್ಲಿ ಚಾವಿ ತಿರುಗಿಸಿದಾಗಲೆಲ್ಲ ನಡೆಯುತ್ತದೆ. ಚಾಲಕನ ಎದುರಿನ ಫಲಕದಲ್ಲಿ ಒಂದು ಚಿಕ್ಕ ದೀಪ ಹತ್ತುತ್ತದೆ. ಕುಳಿತ ಮನುಷ್ಯನೊಬ್ಬನ ಎದೆಯ ಮುಂದೆ ಚೆಂಡು ಇರುವಂತೆ ಅದರ ಆಕೃತಿ. ಕೆಲವು ಸೆಕೆಂಡುಗಳಲ್ಲಿ ಅದು ತಾನಾಗಿ ಆರುತ್ತದೆ. ಆರಿದರೆ, ಅಪಘಾತದಲ್ಲಿ ಉಬ್ಬಿ ಪ್ರಾಣ ಕಾಯಬೇಕಾದ ಏರ್‌ಬ್ಯಾಗ್ ವ್ಯವಸ್ಥೆಯು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಸರಿಯಿದೆ ಎಂದು ಹೇಳಿದಂತೆ. ಆರದೆ ಉಳಿದರೆ, ಎಲ್ಲಿಯೋ ಲೋಪವಿದೆ ಎಂದು ಅರ್ಥ.

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಕಾರಿನಲ್ಲಿ ಈ ದೀಪ ಆರದೆ ಉಳಿಯಿತು. ಆ ಕಾರನ್ನು 2010ರ ದಸರೆಯಲ್ಲಿ ಕೊಂಡಿದ್ದರು. ಆಗ ಭಾರತದಲ್ಲಿ ಸಣ್ಣ ಕಾರುಗಳಿಗೆ ಏರ್‌ಬ್ಯಾಗ್ ಕಡ್ಡಾಯವಾಗಿರಲಿಲ್ಲ. ಕಡಿಮೆ ಬೆಲೆಯ ಮಾದರಿಯಲ್ಲಿ ಅದು ಇರುತ್ತಿರಲಿಲ್ಲ. ಬೇಕೆಂದವರು ಹೆಚ್ಚು ಹಣ ತೆತ್ತು ಮೇಲಿನ ಮಾದರಿಯನ್ನು ಕೊಳ್ಳಬೇಕಾಗಿತ್ತು. ಸೊಸೆ ಬಸುರಿಯಾಗಿದ್ದ ದಿನಗಳು ಅವು. ಹಣದ ವಿಷಯದಲ್ಲಿ ಬಿಗಿ ಕೈಯವರೆಂದು ಹೆಸರಾದ ಆ ಹಿರಿಯರು ಮರುಮಾತಿಲ್ಲದೆ ಮೇಲಿನ ಮಾದರಿಯನ್ನೇ ತಂದರು. ಮನೆಯವರಿಗೆಲ್ಲ ಅದು ಇಂದಿಗೂ ನೆನಪಿದೆ.

ಹನ್ನೆರಡು ವರ್ಷ ಕಾರು ನಿಷ್ಠೆಯಿಂದ ಓಡಿತು. 2022ರ ಮಳೆಗಾಲದಲ್ಲಿ ಒಂದು ದಿನ ಕೆಂಪು ದೀಪ ಹತ್ತಿದ್ದು ಆರಲಿಲ್ಲ. ಮಗ ಹೇಳಿದ: “ಅಪ್ಪಾ, ಗಾಡಿ ಓಡೂದಕ್ಕ ಅದಕ್ಕ ಏನೂ ಸಂಬಂಧ ಇಲ್ಲ. ಎಂಜಿನ್ ಛಲೋ ಐತಿ, ಬ್ರೇಕ್ ಛಲೋ ಅದಾವ. ಯಾವುದೋ ಸೆನ್ಸರ್ ಕೆಟ್ಟಿರಬೇಕು, ಸರ್ವಿಸಿಂಗ್‌ಗೆ ಬಿಟ್ಟಾಗ ನೋಡಿಸಿದ್ರ ಆತು.” ಹಿರಿಯರೂ ಒಪ್ಪಿದರು. ಮಗ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ದೀಪ ಉರಿಯುತ್ತಿದ್ದರೂ ಕಾರು ಎಂದಿನಂತೆಯೇ ಓಡುತ್ತದೆ. ಇದೇ ಈ ದೋಷದ ಸ್ವಭಾವ. ಬ್ರೇಕು ಕೆಟ್ಟರೆ ಕಾಲಿಗೆ ತಿಳಿಯುತ್ತದೆ, ಎಂಜಿನ್ ಕೆಟ್ಟರೆ ಕಿವಿಗೆ ತಿಳಿಯುತ್ತದೆ. ಏರ್‌ಬ್ಯಾಗ್ ಕೆಟ್ಟದ್ದು ಆ ದೀಪದಿಂದಲ್ಲದೆ ಬೇರೆ ಯಾವುದರಿಂದಲೂ ತಿಳಿಯದು. ತಿಳಿದರೆ ಅಪಘಾತದ ಕ್ಷಣದಲ್ಲಿಯೇ ತಿಳಿಯಬೇಕು.

ದಿನ ಕಳೆದಂತೆ ಕಣ್ಣಿಗೆ ದೀಪ ಒಗ್ಗಿಹೋಯಿತು. ಸೊಸೆ ಅದೇ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದಳು. ಹಿರಿಯರು ವ್ಯಾಪಾರಕ್ಕಾಗಿ ಬೆಳಗಾವಿಗೂ ದಾವಣಗೆರೆಗೂ ಹೋಗಿಬಂದರು. ಒಮ್ಮೆ ಮೊಮ್ಮಗಳು, “ಅಜ್ಜಾ, ಈ ಕೆಂಪು ಮನಷ್ಯಾ ಯಾಕ ಹೋಗವಲ್ಲ?” ಎಂದು ಕೇಳಿದಳು. “ಅಂವಗ ನಮ್ಮ ಗಾಡಿ ಸೇರೇತಿ ಅಂತ ಕಾಣಸ್ತದ ತಂಗಿ” ಎಂದು ಹಿರಿಯರು ನಕ್ಕರು. ಆ ನಗುವಿಗಾಗಿ ಮುಂದೆ ಅವರು ತಮ್ಮನ್ನು ತಾವೇ ಬಹಳ ದಿನ ಕ್ಷಮಿಸಿಕೊಳ್ಳಲಿಲ್ಲ.

ಆ ದೀಪದ ಹಿಂದಿರುವ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಏರ್‌ಬ್ಯಾಗಿನ ಆರಂಭದ ಕಲ್ಪನೆಗಳಲ್ಲೊಂದು ಒಂದು ಕುಟುಂಬದ ಕಾರಿನಲ್ಲಿ ಹುಟ್ಟಿದ್ದು. 1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಎಂಬ ಎಂಜಿನಿಯರರು ಹೆಂಡತಿ ಮತ್ತು ಚಿಕ್ಕ ಮಗಳೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ ಅಡ್ಡಬಂದ ಅಡಚಣೆಯನ್ನು ತಪ್ಪಿಸಲು ಹೋಗಿ ಕಾರು ರಸ್ತೆಯ ಬದಿಯ ಹಳ್ಳಕ್ಕೆ ಇಳಿಯಿತು. ಆ ಕ್ಷಣದಲ್ಲಿ ತಂದೆತಾಯಿಗಳಿಬ್ಬರೂ ತಮಗರಿವಿಲ್ಲದೆಯೇ ಮಗುವಿನ ಮುಂದೆ ಕೈ ಚಾಚಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಚಾಚಿದ ಕೈಯ ಕೆಲಸವನ್ನು ಯಂತ್ರವೊಂದು ಮಾಡಲಾರದೇ ಎಂಬ ಆಲೋಚನೆ ಅವರನ್ನು ಬಿಡಲಿಲ್ಲ. 1953ರಲ್ಲಿ ಅವರಿಗೆ ಅದರ ಪೇಟೆಂಟ್ ದೊರೆಯಿತು. ಅದು ಕಾರುಗಳಲ್ಲಿ ಬಳಕೆಗೆ ಬರಲು ಇನ್ನೂ ದಶಕಗಳು ಬೇಕಾದವು.

ಇಂದಿನ ಕಾರಿನಲ್ಲಿ ಆ ಕೈಯ ಕೆಲಸ ನಡೆಯುವುದು ಹೀಗೆ. ಕಾರು ಮುಂದಿನಿಂದ ಬಲವಾಗಿ ಡಿಕ್ಕಿ ಹೊಡೆದಾಗ ಅದರ ವೇಗ ಹಠಾತ್ತನೆ ಕುಗ್ಗುವುದನ್ನು ಸಂವೇದಕಗಳು ಗುರುತಿಸುತ್ತವೆ. ನಿಯಂತ್ರಣ ಪೆಟ್ಟಿಗೆಯು ಆ ಲೆಕ್ಕವನ್ನು ನೋಡಿ ಸ್ಟೀರಿಂಗಿನ ನಡುವೆ ಅಡಗಿರುವ ಕಿಡಿ ಹೊತ್ತಿಸುವ ಸಾಧನಕ್ಕೆ ವಿದ್ಯುತ್ತು ಕಳುಹಿಸುತ್ತದೆ. ಅಲ್ಲಿಯ ರಾಸಾಯನಿಕ ದ್ರವ್ಯ ಉರಿದು ಅನಿಲವಾಗಿ ಚೀಲವನ್ನು ತುಂಬುತ್ತದೆ. ಚೀಲ ತುಂಬಲು ಬೇಕಾಗುವ ಕಾಲ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30 ಭಾಗ. ಕಣ್ಣೆವೆ ಮುಚ್ಚಿ ತೆರೆಯಲು ಅದರ ಮೂರು ಪಟ್ಟಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಇಷ್ಟು ಅಲ್ಪಾವಧಿಯಲ್ಲಿ ಎರಡನೆಯ ಪ್ರಯತ್ನಕ್ಕೆ ಅವಕಾಶವಿಲ್ಲ. ಆದ್ದರಿಂದಲೇ ನಿಯಂತ್ರಣ ಪೆಟ್ಟಿಗೆಯು ಅಪಘಾತಕ್ಕಾಗಿ ಕಾಯದೆ, ಕಾರು ಚಾಲೂ ಇರುವಷ್ಟು ಹೊತ್ತೂ ಪ್ರತಿಯೊಂದು ತಂತಿಯ ವಿದ್ಯುತ್ ನಿರೋಧವನ್ನು ಅತ್ಯಲ್ಪ ಪ್ರವಾಹದಿಂದ ಅಳೆಯುತ್ತಿರುತ್ತದೆ. ಕಿಡಿಯ ಸಾಧನದ ನಿರೋಧ ಸಾಮಾನ್ಯವಾಗಿ ಸುಮಾರು 2 ಓಮ್. ಅದು ಮಿತಿ ಮೀರಿ ಏರಿದರೂ ಇಳಿದರೂ ದೋಷದ ಸಂಖ್ಯೆಯೊಂದನ್ನು ಸ್ಮರಣೆಯಲ್ಲಿ ಬರೆದುಕೊಂಡು ದೀಪ ಹಚ್ಚುತ್ತದೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡೊಡನೆ ಕೆಂಪು ಶಾಯಿಯಲ್ಲಿ ಗುರುತು ಹಾಕುವ ನಿಷ್ಠುರ ಗುಮಾಸ್ತನಂತೆ ಅದರ ನಡತೆ.

ಹಳೆಯ ಕಾರಿನಲ್ಲಿ ಈ ವ್ಯತ್ಯಾಸ ಹುಟ್ಟುವ ಸ್ಥಳಗಳು ಕೆಲವೇ. ಮೊದಲನೆಯದು ಸ್ಟೀರಿಂಗಿನ ಕೆಳಗಿರುವ ಕ್ಲಾಕ್ ಸ್ಪ್ರಿಂಗ್. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ತೆಳುವಾದ ಪಟ್ಟಿತಂತಿ ಅದು. ಚಕ್ರ ಎಡಕ್ಕೂ ಬಲಕ್ಕೂ ತಿರುಗಿದಂತೆ ಬಿಚ್ಚಿಕೊಳ್ಳುತ್ತ ಸುತ್ತಿಕೊಳ್ಳುತ್ತ ವರ್ಷಗಟ್ಟಲೆ ಸೇವೆ ಸಲ್ಲಿಸಿ ಒಂದು ದಿನ ಸೀಳುತ್ತದೆ. ಅದೇ ಪಟ್ಟಿಯಲ್ಲಿ ಹಾರ್ನಿನ ಸಂಪರ್ಕವೂ ಇರುವುದರಿಂದ, ಕೆಂಪು ದೀಪದೊಡನೆ ಹಾರ್ನೂ ತಡವರಿಸತೊಡಗಿದರೆ ಅನುಭವಿ ಮಿಸ್ತ್ರಿ ಮೊದಲು ಅಲ್ಲಿಯೇ ನೋಡುತ್ತಾನೆ. ಎರಡನೆಯದು ಮುಂದಿನ ಆಸನಗಳ ಅಡಿಯ ತಂತಿಯ ಜೋಡಣೆ. ಆಸನವನ್ನು ಹಿಂದೆ ಮುಂದೆ ಸರಿಸುವಾಗ, ಅಡಿಯಲ್ಲಿ ಕೊಡೆ, ಬಾಟಲಿ, ಚೀಲಗಳನ್ನು ತುರುಕುವಾಗ ಅದು ಸಡಿಲಾಗುತ್ತದೆ. ಮಳೆನೀರು ಒಳಹೊಕ್ಕು ನೆಲಹಾಸು ನೆನೆದಾಗ ಅಲ್ಲಿ ಕಿಲುಬು ಹಿಡಿಯುತ್ತದೆ. ಬ್ಯಾಟರಿ ಬಲಹೀನವಾದಾಗಲೂ, ಸೀಟ್ ಬೆಲ್ಟಿನ ಕೊಂಡಿಯೊಳಗಿನ ಸ್ವಿಚ್ಚು ಕೆಟ್ಟಾಗಲೂ, ಇಲಿ ತಂತಿ ಕಡಿದಾಗಲೂ ದೀಪ ಹತ್ತಬಹುದು. ಕಾರಣ ನಾಲ್ಕಾಣೆಯದಿರಲಿ ನಾಲ್ಕು ಸಾವಿರದ್ದಿರಲಿ, ಪರಿಣಾಮ ಒಂದೇ: ದೀಪ ಉರಿಯುತ್ತಿರುವಾಗ ಚೀಲ ಉಬ್ಬುತ್ತದೆಂದು ನಂಬುವಂತಿಲ್ಲ. ಅನೇಕ ಕಾರುಗಳಲ್ಲಿ ವ್ಯವಸ್ಥೆಯ ಒಂದು ಭಾಗವೋ ಇಡಿಯ ವ್ಯವಸ್ಥೆಯೋ ಆಗ ಕೆಲಸ ನಿಲ್ಲಿಸಿರುತ್ತದೆ.

ಆ ಮನೆಯ ಕಥೆಗೆ ಮರಳಬಹುದು. ಹದಿನಾಲ್ಕು ತಿಂಗಳು ಹೀಗೆಯೇ ಕಳೆದ ಮೇಲೆ, 2023ರ ಕೊನೆಗೆ, ಕಾರನ್ನು ಮಾರಿ ಹೊಸದನ್ನು ಕೊಳ್ಳುವ ಮಾತು ಬಂತು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯ ನವೀಕರಣ, ತಪಾಸಣೆ ಎಂಬ ತೊಡಕುಗಳಿರುವುದರಿಂದ ಅದಕ್ಕೆ ಮೊದಲೇ ಮಾರುವುದು ಲೇಸೆಂದು ಮಗನ ಎಣಿಕೆ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿ, ಚಾಲಕನ ಏರ್‌ಬ್ಯಾಗಿನ ತಂತಿ ತುಂಡಾಗಿದೆ, ಕ್ಲಾಕ್ ಸ್ಪ್ರಿಂಗ್ ಬದಲಿಸಬೇಕು, ಹನ್ನೊಂದು ಸಾವಿರ ರೂಪಾಯಿ ಆಗುತ್ತದೆ ಎಂದರು. ಕಾರಿಗೆ ಬರುವ ಬೆಲೆಯೇ ಒಂದೂವರೆ ಲಕ್ಷದ ಸುತ್ತ. ಮಾರುವ ವಸ್ತುವಿಗೆ ಅಷ್ಟು ಖರ್ಚು ಏಕೆಂದು ಮಗನಿಗೆ ಅನಿಸಿತು. ಓಣಿಯ ಗ್ಯಾರೇಜಿನವನು ಸುಲಭದ ದಾರಿ ತೋರಿಸಿದ: “ಸಾವ್ಕಾರ್ರ, ಲೈಟ್ ಬಂದ್ ಮಾಡೂದು ಅರ್ಧ ತಾಸಿನ ಕೆಲಸ. ಎಂಟ್ನೂರು ಕೊಡ್ರಿ ಸಾಕು.”

ಎರಡು ದಿನಗಳ ಮೇಲೆ ದೀಪ ಕಾಣಿಸಲಿಲ್ಲ. ಮಗ ರಿಪೇರಿ ಮಾಡಿಸಿದನೆಂದೇ ಹಿರಿಯರು ತಿಳಿದರು. ಕುಂದಗೋಳದ ಕಡೆಯ ತರುಣ ಶಾಲಾ ಮಾಸ್ತರರೊಬ್ಬರು ಕಾರು ನೋಡಲು ಬಂದರು. ಮದುವೆಯಾಗಿ ಎರಡು ವರ್ಷ. ಹೆಂಡತಿಗೆ ಏಳು ತಿಂಗಳು. ಆಸ್ಪತ್ರೆಗೆ ಓಡಾಡಲು ಒಂದು ಗಾಡಿ ಬೇಕಾಗಿತ್ತು. ಎರಡು ಏರ್‌ಬ್ಯಾಗ್ ಇರುವ ಮಾದರಿ ಎಂದು ಕೇಳಿ ಅವರಿಗೆ ಸಂತೋಷವಾಯಿತು. 1,60,000 ರೂಪಾಯಿಗೆ ಮಾತು ಮುಗಿದು ಹತ್ತು ಸಾವಿರ ಸಂಚಕಾರ ಕೊಟ್ಟರು.

ಕಾಗದಪತ್ರಗಳನ್ನು ಹೊಂದಿಸುವಾಗ ಕಾರಿನೊಡನೆ ಬಂದಿದ್ದ ಕೈಪಿಡಿ ಹಿರಿಯರ ಕೈಗೆ ಸಿಕ್ಕಿತು. ಹದಿಮೂರು ವರ್ಷಗಳಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ಕೊಡುವ ಮುನ್ನ ಒಮ್ಮೆ ನೋಡೋಣವೆಂದು ಪುಟ ತಿರುವಿದಾಗ ಕೆಂಪು ದೀಪದ ಚಿತ್ರ ಕಂಡಿತು. ಚಾವಿ ತಿರುಗಿಸಿದೊಡನೆ ದೀಪ ಹತ್ತಬೇಕು, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೂ ದೋಷ, ಹತ್ತದೇ ಇದ್ದರೂ ದೋಷ ಎಂಬ ಅರ್ಥದ ಮಾತು ಅಲ್ಲಿತ್ತು. ಹಿರಿಯರು ಕೈಪಿಡಿ ಹಿಡಿದುಕೊಂಡೇ ಹೋಗಿ ಕಾರಿನಲ್ಲಿ ಕುಳಿತು ಚಾವಿ ತಿರುಗಿಸಿದರು. ಎಣ್ಣೆಯ ದೀಪ ಹತ್ತಿತು, ಬ್ಯಾಟರಿಯ ದೀಪ ಹತ್ತಿತು. ಕೆಂಪು ಮನುಷ್ಯ ಬರಲೇ ಇಲ್ಲ. ಮೂರು ಸಲ ನೋಡಿದರು.

ಮಗನನ್ನು ಕರೆದು ಕೇಳಿದಾಗ ಅವನು ಮುಚ್ಚಿಡಲಿಲ್ಲ. ಮೀಟರ್ ಬೋರ್ಡ್ ಬಿಚ್ಚಿ ಆ ದೀಪದ ಕಿಂಡಿಗೆ ಹಿಂದಿನಿಂದ ಕಪ್ಪು ಟೇಪು ಅಂಟಿಸಿದ್ದರು. ಮಗನ ವಾದಗಳು ತೀರ ಹಗುರಾಗಿರಲಿಲ್ಲ. “ಅವರು ಹಳೇ ಗಾಡಿ ಅಂತ ಗೊತ್ತಿದ್ದ ತಗೊಳ್ಳಾಕತ್ತಾರ. ದೀಪದ ಸುದ್ದಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಳ್ಳಂತೂ ಹೇಳಿಲ್ಲಪಾ. ಏರ್‌ಬ್ಯಾಗ್ ಇಲ್ಲದ ಗಾಡಿಯೊಳಗ ಮಂದಿ ಐವತ್ತು ವರ್ಷ ಓಡಾಡಿಲ್ಲೇನು?”

ಈ ಮೂರು ಮಾತುಗಳನ್ನೂ ತೂಗಿ ನೋಡುವುದು ಅಗತ್ಯ. ಏಕೆಂದರೆ ಇವು ಒಂದು ಮನೆಯ ಮಾತುಗಳಲ್ಲ, ಪೇಟೆಯ ಮಾತುಗಳು. ಮೊದಲನೆಯದು, ಹಳೆಯದೆಂದು ತಿಳಿದೇ ಕೊಳ್ಳುತ್ತಾರೆಂಬುದು. ಸವೆದ ಟಯರು, ಮಾಸಿದ ಬಣ್ಣ ಕಣ್ಣಿಗೆ ಕಾಣುತ್ತವೆ. ಅವುಗಳ ಬೆಲೆ ಚೌಕಾಶಿಯಲ್ಲಿ ಸೇರಿಹೋಗುತ್ತದೆ. ಕಾಣದ ದೋಷ ಬೆಲೆಯಲ್ಲಿ ಸೇರುವುದಿಲ್ಲ. ಎರಡನೆಯದು, ಮೌನ ಸುಳ್ಳಲ್ಲವೆಂಬುದು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮನ್ನು ವಾಣಿಜ್ಯ ಓದಿದವರೆಲ್ಲ ಒಮ್ಮೆಯಾದರೂ ಓದಿರುತ್ತಾರೆ. ಹೇಳಬೇಕಾದ ಕರ್ತವ್ಯವಿಲ್ಲದ ಕಡೆ ಬರಿಯ ಮೌನ ವಂಚನೆಯಲ್ಲವೆಂದು ಅದು ಒಪ್ಪುತ್ತದೆ. ಆದರೆ ತಿಳಿದ ಸಂಗತಿಯನ್ನು ಕ್ರಿಯೆಯಿಂದ ಮರೆಮಾಚುವುದನ್ನು ವಂಚನೆಯೆಂದೇ ಎಣಿಸುತ್ತದೆ. ಉರಿಯುವ ದೀಪವನ್ನು ತೋರಿಸದೆ ಸುಮ್ಮನಿದ್ದರೆ ಅದು ಮೌನ. ಟೇಪು ಅಂಟಿಸಿದ ಮೇಲೆ ಅದು ಮೌನವಾಗಿ ಉಳಿಯಲಿಲ್ಲ; ಕಾರೇ ಸುಳ್ಳು ಹೇಳತೊಡಗಿತು.

ಮೂರನೆಯ ಮಾತು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಏರ್‌ಬ್ಯಾಗ್ ಇಲ್ಲದ ಕಾರಿಗೂ ಕೆಟ್ಟ ಏರ್‌ಬ್ಯಾಗ್ ಇರುವ ಕಾರಿಗೂ ಅಪಘಾತದಲ್ಲಿ ಭೇದವೇನು ಎಂದು ಕೇಳಬಹುದು. ಭೇದವಿರುವುದು ಕುಳಿತವನ ಮನಸ್ಸಿನಲ್ಲಿ. ಇಲ್ಲದ್ದನ್ನು ಇಲ್ಲವೆಂದು ತಿಳಿದವನು ತನ್ನ ಎಚ್ಚರಿಕೆಯನ್ನು ತಾನು ಮಾಡಿಕೊಳ್ಳುತ್ತಾನೆ, ಅದಕ್ಕೆ ತಕ್ಕ ಬೆಲೆಯನ್ನೇ ಕೊಡುತ್ತಾನೆ. ಇದೆಯೆಂದು ನಂಬಿದವನು ನಂಬಿಕೆಯ ಮೇಲೆ ಹೆಂಡತಿಯನ್ನು ಕೂರಿಸುತ್ತಾನೆ. ಆ ನಂಬಿಕೆಗೆ ಹಣ ಪಡೆದು ಒಳಗೆ ಏನೂ ಇಡದಿರುವುದು ಖಾಲಿ ಪೆಟ್ಟಿಗೆಗೆ ಬೀಗ ಹಾಕಿ ಮಾರಿದಂತೆ.

ಹಿರಿಯರು ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ತಮ್ಮ ತಂದೆಯ ಕಾಲದ ಒಂದು ಪದ್ಧತಿಯನ್ನಷ್ಟೇ ನೆನಪಿಸಿದರು. ಬಟ್ಟೆಯ ಥಾನಿನಲ್ಲಿ ನೇಯ್ಗೆಯ ದೋಷವಿದ್ದರೆ ಆ ಜಾಗದ ನೇರಕ್ಕೆ ಅಂಚಿಗೆ ಒಂದು ಬಣ್ಣದ ದಾರ ಕಟ್ಟುವುದು ರೂಢಿ. ಅಳೆಯುವವನ ಕೈಗೆ ದಾರ ತಗುಲಿದರೆ ಅಲ್ಲಿ ದೋಷವಿದೆಯೆಂದು ತಿಳಿದು ಅಷ್ಟು ಅಳತೆಯನ್ನು ಬಿಟ್ಟುಕೊಡಬೇಕು. “ದಾರ ಕಟ್ಟಿದ ಥಾನಿಗೆ ರೊಕ್ಕ ಕಡಿಮಿ ಬರ್ತದ ಅಂತ ಮುತ್ಯಾಗ ಗೊತ್ತಿರಲಿಲ್ಲೇನು? ಆ ಕೆಂಪು ದೀಪ ಗಾಡಿ ಮಾಡಿದವರು ಕಟ್ಟಿದ ದಾರ. ನಾವು ಅದನ್ನ ಕತ್ತರಿಸಿ ಮಾರಾಕತ್ತೇವಿ.”

ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಕೇಳಿದ ಪ್ರಶ್ನೆಗೆ ಹಿರಿಯರಲ್ಲಿ ಉತ್ತರವಿರಲಿಲ್ಲ. “ಖರೇ ಅಪ್ಪಾ. ಆದ್ರ ಹದಿನಾಲ್ಕು ತಿಂಗಳು ಆ ದಾರ ನಮ್ಮ ಕಣ್ಣಮುಂದ ಇತ್ತಲ್ಲ. ಅದ ಗಾಡಿಯೊಳಗ ಇಕಿನ್ನ, ಕೂಸಿನ್ನ ದಿನಾ ಕಳಿಸಿದ್ವಿ. ಮಾಸ್ತರ್ರ ಹೇಣ್ತಿ ಸಲುವಾಗಿ ಮರುಗೂ ನೀವು, ಮನಿ ಮಂದಿ ಸಲುವಾಗಿ ಯಾಕ ಮರುಗಲಿಲ್ಲ?”

ಬೇರೆಯವರಿಗೆ ಮಾಡುವ ಅನ್ಯಾಯ ಕಣ್ಣಿಗೆ ಕಾಣುವಷ್ಟು ಬೇಗ ಸ್ವಂತ ಪ್ರಮಾದ ಕಾಣುವುದಿಲ್ಲ. ಮಗ ಎಂಟುನೂರು ರೂಪಾಯಿ ಕೊಟ್ಟು ಅಂಟಿಸಿದ ಟೇಪನ್ನು ಹಿರಿಯರು ಹದಿನಾಲ್ಕು ತಿಂಗಳ ಹಿಂದೆಯೇ ಯಾವ ಖರ್ಚೂ ಇಲ್ಲದೆ ತಮ್ಮ ಕಣ್ಣಿಗೆ ಅಂಟಿಸಿಕೊಂಡಿದ್ದರು. ಗಿರಾಕಿಯನ್ನು ವಂಚಿಸಿದವನಿಗೆ ಲಾಭವಾದರೂ ಆಗುತ್ತದೆ. ತನ್ನನ್ನು ತಾನೇ ವಂಚಿಸಿಕೊಂಡವನಿಗೆ ಅದೂ ಇಲ್ಲ. ಹನ್ನೊಂದು ಸಾವಿರ ಅವರಿಗೆ ಭಾರವಾಗಿರಲಿಲ್ಲ. ನಾಳೆ ನೋಡೋಣವೆಂಬ ಮಾತು ಭಾರವಾಗಿರಲಿಲ್ಲ ಎಂಬುದೇ ತೊಂದರೆಯಾಯಿತು.

ಆ ಭಾನುವಾರ ತಂದೆಮಕ್ಕಳಿಬ್ಬರೂ ಕುಂದಗೋಳಕ್ಕೆ ಹೋದರು. ಮಗನೇ ಮಾತು ತೆಗೆದು ನಡೆದದ್ದನ್ನು ಹೇಳಿದ. ರಿಪೇರಿ ಮಾಡಿಸಿ, ಸ್ಕ್ಯಾನ್ ಮಾಡಿದ ಚೀಟಿಯೊಡನೆ ಅದೇ ಬೆಲೆಗೆ ಕೊಡುತ್ತೇವೆ. ಬೇಡವಾದರೆ ಸಂಚಕಾರ ಇಗೋ ಎಂದು ಹಣ ಮುಂದಿಟ್ಟ. ಮಾಸ್ತರರ ಮಾವನವರಿಗೆ ಸಿಟ್ಟು ಬಂತು. ಒಂದು ಮುಚ್ಚಿಟ್ಟವರು ಇನ್ನೊಂದು ಮುಚ್ಚಿಟ್ಟಿರುವುದಿಲ್ಲವೆಂಬ ಭರವಸೆ ಏನು ಎಂದು ಕೇಳಿದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾಸ್ತರರು ಹಣ ಹಿಂದಕ್ಕೆ ಪಡೆದರು. ಸತ್ಯ ಹೇಳಿದ್ದಕ್ಕೆ ಹೊಗಳಿಕೆ ದೊರೆಯಲಿಲ್ಲ, ವ್ಯಾಪಾರವೂ ಮುರಿಯಿತು. ಹೊರಡುವಾಗ ಹಿರಿಯರು ಒಂದು ಮಾತು ಹೇಳಿದರು: “ಮಾಸ್ತರ್ರ, ಎಲ್ಲೇ ಗಾಡಿ ತಗೋರಿ, ಮೊದಲ ಚಾವಿ ತಿರುವಿ ಸುಮ್ಮನ ನೋಡ್ರಿ. ಕೆಂಪು ದೀಪ ಹತ್ತಬೇಕು, ಆಮೇಲೆ ಆರಬೇಕು. ಹತ್ತದಿದ್ರ ಅದು ನಮ್ಮ ಗಾಡಿಯಂಥಾದ್ದ ಅಂತ ತಿಳ್ಕೋರಿ.”

ಮರುದಿನ ಕಾರು ಸರ್ವಿಸ್ ಸೆಂಟರಿಗೆ ಹೋಯಿತು. ಈ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳುವಂತಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಏರ್‌ಬ್ಯಾಗಿನ ತಂತಿಗಳ ಜೋಡಣೆಗಳನ್ನು ಬಹುತೇಕ ಹಳದಿ ಬಣ್ಣದಲ್ಲಿ ಮಾಡಿರುವುದು ಎಚ್ಚರಿಕೆಗಾಗಿಯೇ. ತಜ್ಞರು ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಒಳಗೆ ಉಳಿದ ವಿದ್ಯುತ್ತು ಇಳಿಯಲೆಂದು ತಯಾರಕರು ಹೇಳಿದಷ್ಟು ನಿಮಿಷ ಕಾದು, ಅನಂತರವೇ ಕೈ ಹಾಕುತ್ತಾರೆ. ಸಾಮಾನ್ಯ ಮೀಟರಿನಿಂದ ಆ ತಂತಿಗಳನ್ನು ಅಳೆಯಲು ಹೋದರೆ ಚೀಲ ಮುಖದೆದುರೇ ಸಿಡಿಯುವ ಅಪಾಯವಿದೆ. ದೋಷ ಸರಿಪಡಿಸದೆ ಸ್ಕ್ಯಾನರಿನಿಂದ ಸ್ಮರಣೆಯನ್ನು ಮಾತ್ರ ಅಳಿಸುವುದೂ ಒಂದು ಬಗೆಯ ಟೇಪೇ; ದೀಪ ಮತ್ತೆ ಹತ್ತುತ್ತದೆ. ಇನ್ನೂ ಚತುರರು ಈ ದೀಪವನ್ನು ಬೇರೊಂದು ದೀಪದ ತಂತಿಗೆ ಜೋಡಿಸಿ ಅದರೊಡನೆ ಹತ್ತಿ ಆರುವಂತೆ ಮಾಡುವುದುಂಟು. ಸಿಡಿದುಹೋದ ಏರ್‌ಬ್ಯಾಗಿನ ಸ್ಥಳದಲ್ಲಿ 2 ಓಮಿನ ನಿರೋಧಕವೊಂದನ್ನು ಕೂರಿಸಿ ನಿಯಂತ್ರಣ ಪೆಟ್ಟಿಗೆಯನ್ನೇ ನಂಬಿಸುವುದೂ ಉಂಟು. ಆದ್ದರಿಂದ ಹಳೆಯ ಕಾರು ಕೊಳ್ಳುವವರು ದೀಪ ನೋಡುವುದಲ್ಲದೆ, ನಂಬಿಕೆಯ ಕಡೆ ಸ್ಕ್ಯಾನ್ ಮಾಡಿಸಿ, ಕಾರು ಹಿಂದೆ ಅಪಘಾತಕ್ಕೆ ಸಿಕ್ಕಿತ್ತೇ ಎಂದು ವಿಚಾರಿಸುವುದು ಲೇಸು.

ದೀಪಕ್ಕೂ ಒಂದು ಮಿತಿಯಿದೆ. ಜಪಾನಿನ ಟಕಾಟಾ ಕಂಪನಿ ತಯಾರಿಸಿದ ಏರ್‌ಬ್ಯಾಗುಗಳಲ್ಲಿ ಅನಿಲ ಹುಟ್ಟಿಸಲು ಅಮೋನಿಯಂ ನೈಟ್ರೇಟ್ ಬಳಸಲಾಗಿತ್ತು. ವರ್ಷಗಳ ಸೆಕೆ ಮತ್ತು ತೇವದಿಂದ ಆ ದ್ರವ್ಯ ಕೆಟ್ಟು, ಅಪಘಾತದಲ್ಲಿ ಅತಿವೇಗವಾಗಿ ಉರಿದು, ಲೋಹದ ಕವಚವನ್ನೇ ಒಡೆದು ಚೂರುಗಳನ್ನು ಕುಳಿತವರ ಮೇಲೆ ಎರಚುತ್ತಿತ್ತು. ಅಮೆರಿಕವೊಂದರಲ್ಲಿಯೇ ಸುಮಾರು 6 ಕೋಟಿ 70 ಲಕ್ಷ ಇಂತಹ ಸಾಧನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಭಾರತದಲ್ಲಿಯೂ ಅನೇಕ ಕಾರುಗಳಿಗೆ ಕರೆ ಬಂತು. ಪರೀಕ್ಷೆಯ ಫಲಿತಾಂಶಗಳನ್ನು ತಿದ್ದಿ ಗ್ರಾಹಕ ಕಂಪನಿಗಳಿಗೆ ಕೊಟ್ಟದ್ದನ್ನು ಕಂಪನಿ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡು, ದಂಡ ಮತ್ತು ಪರಿಹಾರವಾಗಿ 100 ಕೋಟಿ ಡಾಲರು ಕೊಡಲು ಸಮ್ಮತಿಸಿತು. ಅದೇ ವರ್ಷ ಜೂನಿನಲ್ಲಿ ದಿವಾಳಿಯಾಯಿತು. ಈ ದೋಷವನ್ನು ಯಾವ ಕೆಂಪು ದೀಪವೂ ತೋರಿಸುತ್ತಿರಲಿಲ್ಲ. ದೀಪ ತಂತಿಯನ್ನು ಅಳೆಯಬಲ್ಲುದು, ರಾಸಾಯನಿಕದ ಒಳಗುಣವನ್ನು ಅಳೆಯಲಾರದು. ತಯಾರಕರು ಕರೆಯ ಪತ್ರ ಬರೆಯುವುದು ತಮ್ಮ ದಫ್ತರದಲ್ಲಿರುವ ವಿಳಾಸಕ್ಕೆ. ಕಾರು ಎರಡು ಕೈ ಬದಲಿಸಿದರೆ ಪತ್ರ ಹಳೆಯ ಮಾಲೀಕನ ಮನೆಯಲ್ಲಿಯೇ ಉಳಿಯುತ್ತದೆ. ಚಾಸಿ ಸಂಖ್ಯೆ ಹೇಳಿ ಕಂಪನಿಯ ಅಧಿಕೃತ ಕೇಂದ್ರದಲ್ಲಿ ವಿಚಾರಿಸುವುದು ಕೊಳ್ಳುವವನ ಜಾಣ್ಮೆ. ಬಂದ ಪತ್ರವನ್ನು ಕಾರಿನೊಡನೆ ಒಪ್ಪಿಸುವುದು ಮಾರುವವನ ಧರ್ಮ. ತಮ್ಮ ಕಾರಿಗೆ ಅಂತಹ ಕರೆ ಇಲ್ಲವೆಂಬುದನ್ನು ಹಿರಿಯರು ಅದೇ ದಿನ ಕೇಳಿ ಖಚಿತಪಡಿಸಿಕೊಂಡರು.

ಭಾರತದಲ್ಲಿ ಈ ವಿಷಯದ ಕಾನೂನು ನಿಧಾನವಾಗಿ ಬಂತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಐದು ಭಾರತೀಯ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಒಂದೂ ಒಂದು ನಕ್ಷತ್ರವನ್ನು ಸಹ ಪಡೆಯಲಿಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಆಸನದ ಏರ್‌ಬ್ಯಾಗ್ 2021ರಲ್ಲಿ ಹೊಸ ಮಾದರಿಗಳಿಗೆ ಕಡ್ಡಾಯವಾಗಿ, ಹಳೆಯ ಮಾದರಿಗಳಿಗೆ ಆ ವರ್ಷದ ಡಿಸೆಂಬರಿನವರೆಗೆ ಗಡುವು ದೊರೆಯಿತು. ಆದರೆ ಕಡ್ಡಾಯವಾಗಿರುವುದು ಕಾರು ಕಾರ್ಖಾನೆಯಿಂದ ಹೊರಬರುವ ದಿನದ ಮಾತು. ಹನ್ನೆರಡನೆಯ ವರ್ಷದಲ್ಲಿ ಕ್ಲಾಕ್ ಸ್ಪ್ರಿಂಗ್ ಸೀಳಿದಾಗ ಕಾನೂನು ಮನೆಗೆ ಬಂದು ನೋಡುವುದಿಲ್ಲ.

ಏರ್‌ಬ್ಯಾಗ್ ಎಂಬುದು ಸೀಟ್ ಬೆಲ್ಟಿಗೆ ಸಹಾಯಕವೇ ಹೊರತು ಬದಲಿಯಲ್ಲ. ಬೆಲ್ಟ್ ಹಾಕದವನು ಉಬ್ಬುತ್ತಿರುವ ಚೀಲಕ್ಕೆ ಹೋಗಿ ಬಡಿಯುತ್ತಾನೆ. ಚಿಕ್ಕ ಮಕ್ಕಳ ಸ್ಥಾನ ಹಿಂದಿನ ಆಸನ. ಪಕ್ಕದ ಆಸನದ ಏರ್‌ಬ್ಯಾಗ್ ಅಡಗಿರುವ ಫಲಕದ ಮೇಲೆ ಭಕ್ತಿಯಿಂದಾಗಲಿ ಅಲಂಕಾರಕ್ಕಾಗಲಿ ಗಟ್ಟಿ ವಸ್ತುಗಳನ್ನು ಅಂಟಿಸಿದರೆ ಅವು ಚೀಲದೊಡನೆ ಹಾರಿ ಮುಖಕ್ಕೆ ಬಡಿಯುತ್ತವೆ. ಕಾರಿನ ಮುಂದೆ ಕಟ್ಟುವ ಕಬ್ಬಿಣದ ಗಾರ್ಡು ಡಿಕ್ಕಿಯ ಬಲವನ್ನು ಬೇರೆ ದಾರಿಗೆ ತಿರುಗಿಸಿ ಸಂವೇದಕಗಳ ಲೆಕ್ಕ ತಪ್ಪಿಸಬಹುದು; ಅವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರದ ಸಾರಿಗೆ ಮಂತ್ರಾಲಯ 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು.

ಒಂದು ಮಾತು ಟ್ರಸ್ಟುಗಳ ಮತ್ತು ಸಂಸ್ಥೆಗಳ ಕಾರ್ಯದರ್ಶಿಗಳಿಗೂ ಅನ್ವಯಿಸುತ್ತದೆ. ಮನೆಯ ಕಾರಿಗೆ ಒಬ್ಬ ಮಾಲೀಕನಿರುತ್ತಾನೆ. ಸಂಸ್ಥೆಯ ವಾಹನಕ್ಕೆ ಎಲ್ಲರೂ ಮಾಲೀಕರು, ಆದ್ದರಿಂದ ಯಾರೂ ಅಲ್ಲ. ಚಾಲಕ ದೀಪವನ್ನು ನೋಡುತ್ತಾನೆ, ಹೇಳಲು ಅಂಜುತ್ತಾನೆ. ಹೇಳಿದರೆ ಮುಂದಿನ ಸಭೆಗೆ ಇಡೋಣವೆಂಬ ಉತ್ತರ ಬರುತ್ತದೆ. ದಾನಿಗಳ ಹಣ ಉಳಿಸಿದೆವೆಂಬ ಸಮಾಧಾನದಲ್ಲಿ ವೃದ್ಧರನ್ನೂ ಮಕ್ಕಳನ್ನೂ ಆ ವಾಹನದಲ್ಲಿ ಕಳುಹಿಸಲಾಗುತ್ತದೆ. ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡಿಸುವ ಸಂಸ್ಥೆ ವರ್ಷಕ್ಕೊಮ್ಮೆ ವಾಹನದ ದೀಪಗಳ ತಪಾಸಣೆಯನ್ನೂ ಮಾಡಿಸಿ ದಾಖಲೆಯಲ್ಲಿ ಬರೆದಿಡುವುದು ಕಷ್ಟವೇನಲ್ಲ.

ಮೂರು ವಾರಗಳ ಮೇಲೆ ಕುಂದಗೋಳದಿಂದ ದೂರವಾಣಿ ಕರೆ ಬಂತು. ಮಾಸ್ತರರು ಬೇರೊಂದು ಕಡೆ, ಹೊಳೆಯುವಂತೆ ಪಾಲಿಶ್ ಮಾಡಿಸಿದ ಕಾರೊಂದನ್ನು ನೋಡಲು ಹೋಗಿದ್ದರು. ಚಾವಿ ತಿರುವಿ ಸುಮ್ಮನೆ ಕುಳಿತು ನೋಡಿದರಂತೆ. ಉಳಿದ ದೀಪಗಳೆಲ್ಲ ಹತ್ತಿದವು. ಕೆಂಪು ದೀಪ ಹತ್ತಲಿಲ್ಲ. ಮರುಮಾತಾಡದೆ ಎದ್ದು ಬಂದರಂತೆ. ಮುಂದೆ ಅವರು ಬೇರೆ ಕಾರು ಕೊಂಡರು. ಅದನ್ನು ಪರೀಕ್ಷಿಸುವ ದಿನ ಹಿರಿಯರ ಮಗನೇ ಜೊತೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಟ್ಟ.

ಹಳೆಯ ಕಾರು ಮಾರಾಟವಾಗಲಿಲ್ಲ. ರಿಪೇರಿಯಾದ ಮೇಲೆ ಇನ್ನಷ್ಟು ಕಾಲ ಇಟ್ಟುಕೊಳ್ಳೋಣವೆಂದು ಮನೆಯವರೆಲ್ಲ ಒಪ್ಪಿದರು. ಮೊಮ್ಮಗಳು ಈಗ ಹಿಂದಿನ ಆಸನದಲ್ಲಿ ಬೆಲ್ಟ್ ಹಾಕಿಕೊಂಡು ಕೂರುತ್ತಾಳೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅವಳ ತಂದೆ ಚಾವಿಯನ್ನು ಅರ್ಧ ತಿರುವಿ ತಡೆಯುತ್ತಾನೆ. ಕೆಂಪು ಮನುಷ್ಯ ಬರುತ್ತಾನೆ. ಅವಳು ಹಿಂದಿನಿಂದ ಕತ್ತು ಚಾಚಿ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ. ಅವನು ಹೋದ ಮೇಲೆಯೇ ಎಂಜಿನ್ ಚಾಲೂ ಆಗುತ್ತದೆ.